ಹಳೆಯ ಟೇಪು, ಹೊಸ ಮಾಸ್ಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ರೀಮಾಸ್ಟರ್ ಆದ, ಅಂದರೆ ಹಳೆಯ ಟೇಪಿನಿಂದ ಮತ್ತೆ ಸಜ್ಜು ಮಾಡಿ ಬಿಟ್ಟ ಕ್ಲಾಸಿಕ್ ರಾಕ್ ಆಲ್ಬಂಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡಕ್ಕೆ ಹೊಸ ಮಾಸ್ಟರ್ ಎಂದರೆ ಹಳೆಯ ಚಿತ್ರದ ಮೇಲಿನ ದೂಳು ಒರೆಸಿದ ಹಾಗೆ. ಇನ್ನೊಂದಕ್ಕೆ ಅದು ಚಿತ್ರದ ಮೇಲೆಯೇ ಬಣ್ಣ ಬಳಿದ ಹಾಗೆ. ಇಬ್ಬರ ಕೈಯಲ್ಲೂ ಸರಿಯಾದ ಉದಾಹರಣೆಗಳಿವೆ, ಅದಕ್ಕೇ ಜಗಳ ಮುಗಿಯುತ್ತಿಲ್ಲ. ‘ರೀಮಾಸ್ಟರ್’ ಎಂಬ ಪದವೊಂದರಿಂದ ಆಲ್ಬಂ ಒಳ್ಳೆಯದೋ ಕೆಟ್ಟದ್ದೋ ತಿಳಿಯುವುದಿಲ್ಲ. ಯಾವ ಟೇಪಿನಿಂದ ತೆಗೆದರು, ಎಷ್ಟು ಜೋರು ಮಾಡಿದರು, ಮಿಕ್ಸ್ ಮುಟ್ಟಿದರೋ ಇಲ್ಲವೋ ಎಂಬುದು ಗೊತ್ತಾದರೆ ಮಾತ್ರ ಮಾತಾಡಲು ಏನಾದರೂ ಸಿಗುತ್ತದೆ.

ಪ್ರಶ್ನೆ: ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಂ 2009ರಲ್ಲೂ ಬಂತು, 2017ರಲ್ಲೂ ಬಂತು. ಎರಡನ್ನೂ ಜನ ರೀಮಾಸ್ಟರ್ ಎಂದೇ ಕರೆಯುತ್ತಾರೆ. ಆದರೆ 2017ರದರಲ್ಲಿ ಡ್ರಮ್ಸ್, ಹಾಡುಗಾರಿಕೆ ಕೂತ ಜಾಗವೇ ಬೇರೆ. ಯಾಕೆ?

ಉತ್ತರ: 2017ರದು ರೀಮಾಸ್ಟರ್ ಅಲ್ಲ, ರೀಮಿಕ್ಸ್. ಈ ಎರಡು ಪದಗಳನ್ನು ಬೆರೆಸುವುದರಿಂದಲೇ ಅರ್ಧಕ್ಕರ್ಧ ವಾದ ಹುಟ್ಟುತ್ತದೆ.

ಸ್ಟುಡಿಯೋದಲ್ಲಿ ಮೊದಲು ವಾದ್ಯಗಳು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಕೂರುತ್ತವೆ. ಅವನ್ನು ತೂಗಿ ಎರಡು ಚಾನೆಲ್‌ಗೆ ಇಳಿಸಿದ್ದು ಮಿಕ್ಸ್. ಆ ಎರಡು ಚಾನೆಲ್ ಟೇಪನ್ನು ತಟ್ಟೆಗೋ ಸಿಡಿಗೋ ಹೊಂದುವಂತೆ ಸಜ್ಜು ಮಾಡುವುದು ಮಾಸ್ಟರಿಂಗ್. ರೀಮಾಸ್ಟರ್ ಮಾಡುವವರ ಕೈಯಲ್ಲಿರುವುದು ಮುಗಿದ ಮಿಕ್ಸ್ ಮಾತ್ರ. ಒಟ್ಟು ಬೇಸ್ ಏರಿಸಬಹುದು, ಟ್ರೆಬಲ್ ಇಳಿಸಬಹುದು, ಸದ್ದು ಹೆಚ್ಚಿಸಬಹುದು. ಡ್ರಮ್ಸ್ ಒಂದನ್ನೇ ಎತ್ತಿ ನಡುವೆ ಕೂರಿಸಲು ಆಗದು. ಅದಕ್ಕೆ ಟ್ರ್ಯಾಕ್‌ಗಳು ಇನ್ನೂ ಬೇರೆ ಬೇರೆಯಾಗಿರುವ ಮಲ್ಟಿಟ್ರ್ಯಾಕ್ ಟೇಪಿಗೇ ಹಿಂದಿರುಗಬೇಕು.

1967ರಲ್ಲಿ ಬೀಟಲ್ಸ್ ಬಳಸಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳು. ನಾಲ್ಕೂ ತುಂಬಿದ ಮೇಲೆ ಅವನ್ನು ಬೆರೆಸಿ ಇನ್ನೊಂದು ಯಂತ್ರದ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಿ, ಉಳಿದ ಜಾಗದಲ್ಲಿ ಮುಂದಿನ ವಾದ್ಯಗಳನ್ನು ಸೇರಿಸುತ್ತಿದ್ದರು. ಹೀಗೆ ಇಳಿಸಿದಾಗಲೆಲ್ಲ ಟೇಪಿನ ಹಿಸ್ (ಸುಯ್ ಎನ್ನುವ ಸದ್ದು) ಕೂಡುತ್ತದೆ, ಸಿಂಬಲ್ ತಾಳದ ಮೊನಚು ಸವೆಯುತ್ತದೆ. 2017ರಲ್ಲಿ, ಬೀಟಲ್ಸ್ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಗೈಲ್ಸ್ ಮಾರ್ಟಿನ್ ಅವರ ತಂಡ ಇಳಿಸುವುದಕ್ಕಿಂತ ಮುಂಚಿನ ಟೇಪುಗಳನ್ನು ತೆಗೆದು, ಡಿಜಿಟಲ್‌ನಲ್ಲಿ ಒಂದಕ್ಕೊಂದು ಹೊಂದಿಸಿ ಹೊಸದಾಗಿ ಮಿಕ್ಸ್ ಮಾಡಿತು. ಡ್ರಮ್ಸ್‌ಗೆ ಬಂದಿರುವ ಜೀವ ಅಲ್ಲಿಂದ ಬಂದದ್ದು. ಬೀಟಲ್ಸ್ ಸದಸ್ಯರು 1967ರಲ್ಲಿ ಗಮನ ಕೊಟ್ಟು ಕೂತು ಮಾಡಿಸಿದ್ದು ಮೋನೋ (ಒಂದೇ ಚಾನೆಲ್ಲಿನ) ಮಿಕ್ಸ್ ಆದ್ದರಿಂದ ಹೊಸ ಸ್ಟೀರಿಯೋಗೆ ಅದನ್ನೇ ಮಾದರಿಯಾಗಿ ಇಟ್ಟುಕೊಂಡರು. ‘ಶೀಸ್ ಲೀವಿಂಗ್ ಹೋಮ್’ ಹಾಡು ಹಳೆಯ ಸ್ಟೀರಿಯೋಗಿಂತ ತುಸು ವೇಗವಾಗಿ, ಮೇಲಿನ ಶ್ರುತಿಯಲ್ಲಿ ಕೇಳಿಸುವುದು ಅದರಿಂದಲೇ.

2022ರ ‘ರಿವಾಲ್ವರ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಡ್ರಮ್ಸ್, ಬೇಸ್, ಗಿಟಾರ್ ಮೂರೂ ಒಂದೇ ಟ್ರ್ಯಾಕಿನಲ್ಲಿ ಸೇರಿಕೊಂಡಿದ್ದ ಹಾಡುಗಳಿದ್ದವು. ಪೀಟರ್ ಜಾಕ್ಸನ್ ಅವರ ಸಂಸ್ಥೆ ಬೆಳೆಸಿದ ತಂತ್ರಾಂಶದಿಂದ ಅವನ್ನು ಬಿಡಿಸಿ ಮಿಕ್ಸ್ ಮಾಡಿದರು.

ಇಲ್ಲೊಂದು ಬಲೆ ಇದೆ. ‘ಹೆಲ್ಪ್!’ ಮತ್ತು ‘ರಬ್ಬರ್ ಸೋಲ್’ ಆಲ್ಬಂಗಳ 2009ರ ಸ್ಟೀರಿಯೋ ಸಿಡಿಗಳಲ್ಲಿ ಇರುವುದು 1965ರ ಮಿಕ್ಸ್ ಅಲ್ಲ, 1987ರಲ್ಲಿ ಜಾರ್ಜ್ ಮಾರ್ಟಿನ್ ಮತ್ತೆ ಮಾಡಿದ್ದು. 1965ರ ಮೂಲ ಸ್ಟೀರಿಯೋ ಬೇಕಿದ್ದರೆ 2009ರಲ್ಲೇ ಬಂದ ಮೋನೋ ಪೆಟ್ಟಿಗೆಯಲ್ಲಿ ಹುಡುಕಬೇಕು. ಆ ಎರಡು ಸಿಡಿಗಳಲ್ಲಿ ಮೋನೋ ಜೊತೆಗೆ ಅದನ್ನೂ ಸೇರಿಸಿದ್ದಾರೆ.

ಪ್ರಶ್ನೆ: ಒಂದೇ ಆಲ್ಬಂನ ಹಳೆಯ ಸಿಡಿ, ಹೊಸ ಸಿಡಿ ಒಂದರ ಹಿಂದೊಂದು ಹಾಕಿದರೆ ಹೊಸದೇ ತಕ್ಷಣ ಚೆನ್ನಾಗಿ ಕೇಳುತ್ತದೆ. ಆದರೆ ಮೂರು ಹಾಡು ಆಗುವಷ್ಟರಲ್ಲಿ ಕಿವಿ ಸಾಕು ಅನ್ನುತ್ತದೆ. ಇದು ನಮ್ಮ ಭ್ರಮೆಯೇ?

ಉತ್ತರ: ಭ್ರಮೆಯಲ್ಲ. ಎರಡು ಅನುಭವಕ್ಕೂ ಕಾರಣ ಒಂದೇ: ಹೊಸದು ಜೋರಾಗಿದೆ. ಒಂದೇ ಸಂಗೀತವನ್ನು ಒಂದು ಡೆಸಿಬಲ್ ಹೆಚ್ಚು ಸದ್ದಿನಲ್ಲಿ ಕೇಳಿದರೂ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಸ್ಪಷ್ಟ’, ‘ತುಂಬಿಕೊಂಡಿದೆ’ ಎನ್ನುತ್ತದೆ. 1980ರ ದಶಕದ ಸಿಡಿಗೂ ಅದರ ಈಚಿನ ರೀಮಾಸ್ಟರ್‌ಗೂ ನಡುವೆ 6ರಿಂದ 8 ಡೆಸಿಬಲ್ ವ್ಯತ್ಯಾಸ ಸಿಗುವುದು ಅಪರೂಪವಲ್ಲ.

ಸಿಡಿಯಲ್ಲಿ ಸದ್ದಿಗೆ ಮೇಲೊಂದು ಗೋಡೆ ಇದೆ, ಅದನ್ನು ದಾಟುವಂತಿಲ್ಲ. ಒಟ್ಟು ಸದ್ದು ಏರಿಸಬೇಕೆಂದರೆ ಮೊದಲು ಸ್ನೇರ್ ಡ್ರಮ್ಮಿನ ಪೆಟ್ಟಿನಂಥ ಚೂಪು ಏರುಗಳನ್ನು ಲಿಮಿಟರ್‌ನಿಂದ ಒತ್ತಿಹಿಡಿಯಬೇಕು. ಒಂದೆರಡು ಡೆಸಿಬಲ್ ಒತ್ತಿದರೆ ಹೆಚ್ಚಿನವರಿಗೆ ಗೊತ್ತಾಗದು. ಆರೇಳು ಒತ್ತಿದರೆ ಪೆಟ್ಟು ಚಪ್ಪಟೆಯಾಗುತ್ತದೆ, ಮೆಲುದನಿಯ ಸಾಲೂ ಅಬ್ಬರದ ಸಾಲೂ ಒಂದೇ ಎತ್ತರಕ್ಕೆ ಬರುತ್ತವೆ. ಬಿಡುವೇ ಇಲ್ಲದ ಸದ್ದಿಗೆ ಕಿವಿ ದಣಿಯುತ್ತದೆ.

ನ್ಯಾಯವಾಗಿ ಹೋಲಿಸಬೇಕೆಂದರೆ ಹೀಗೆ ಮಾಡಿ. ಎರಡೂ ಸಿಡಿಗಳಿಂದ ಒಂದೇ ಹಾಡನ್ನು ಫ್ಲ್ಯಾಕ್ (ಏನನ್ನೂ ಕಳೆಯದೆ ಕುಗ್ಗಿಸುವ) ಕಡತವಾಗಿ ಕಂಪ್ಯೂಟರಿಗೆ ಇಳಿಸಿ. ಎಂಪಿ3 ಬೇಡ. ಅಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ತೆರೆದು ಎರಡರ ಆರಂಭದ ಮೌನವನ್ನೂ ಕತ್ತರಿಸಿ, ಮೊದಲ ಸ್ವರ ಒಂದೇ ಕ್ಷಣದಲ್ಲಿ ಬೀಳುವಂತೆ ಮಾಡಿ. ಇದನ್ನು ಬಿಟ್ಟರೆ ಪರೀಕ್ಷೆ ಕೆಡುತ್ತದೆ, ಏಕೆಂದರೆ ಅರ್ಧ ಸೆಕೆಂಡ್ ತಡವಾಗಿ ಶುರುವಾಗುವುದು ಯಾವುದೆಂದು ಕಿವಿ ಬೇಗ ಗುರುತು ಹಿಡಿದುಬಿಡುತ್ತದೆ. ಆಮೇಲೆ ಫೂಬಾರ್2000 ಎಂಬ ಪ್ಲೇಯರ್ ತಂತ್ರಾಂಶಕ್ಕೆ ಹಾಕಿ ರೀಪ್ಲೇಗೇನ್ ಸ್ಕ್ಯಾನ್ ಮಾಡಿ. ಅದು ಎರಡರ ಸರಾಸರಿ ಸದ್ದನ್ನು ಅಳೆದು ಎಷ್ಟು ತಗ್ಗಿಸಬೇಕೆಂದು ಬರೆದಿಡುತ್ತದೆ. ಯಾವಾಗಲೂ ಜೋರಾದದ್ದನ್ನು ತಗ್ಗಿಸಿ. ಮೆಲ್ಲಗಿನದನ್ನು ಏರಿಸಿದರೆ ಅದರ ಏರುಗಳು ಗೋಡೆಗೆ ಬಡಿದು ಒಡೆಯುತ್ತವೆ. ಎರಡರ ಅಂತರ 0.1 ಡೆಸಿಬಲ್‌ನೊಳಗೆ ಬಂದರೆ ಸಾಕು.

ಕೊನೆಗೆ ಅದೇ ತಂತ್ರಾಂಶದ ಎಬಿಎಕ್ಸ್ ಘಟಕದಲ್ಲಿ (ಯಾವುದು ನುಡಿಯುತ್ತಿದೆ ಎಂದು ತೋರಿಸದೆ ಕೇಳಿಸುವ ಪರೀಕ್ಷೆ) 16 ಸಲ ಕೇಳಿ, ಯಾವುದು ಯಾವುದೆಂದು ಗುರುತಿಸಿ. 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾದರೆ ನಿಮಗೆ ನಿಜಕ್ಕೂ ವ್ಯತ್ಯಾಸ ಕೇಳಿಸುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಬರೀ ಊಹೆಯಿಂದ ಅಷ್ಟು ಸರಿಯಾಗುವ ಸಾಧ್ಯತೆ ಶೇ. 4ಕ್ಕಿಂತ ಕಡಿಮೆ. ಎಷ್ಟು ಸುತ್ತು ಎಂದು ಮೊದಲೇ ನಿಶ್ಚಯಿಸಿಕೊಳ್ಳಿ. ಅಂಕ ಚೆನ್ನಾಗಿ ಬಂದ ಕೂಡಲೇ ನಿಲ್ಲಿಸಿದರೆ ಲೆಕ್ಕ ಸುಳ್ಳಾಗುತ್ತದೆ. ವ್ಯತ್ಯಾಸ ಇದೆ ಎಂದು ಖಚಿತವಾದ ಮೇಲೆ ಸಮಾನ ಸದ್ದಿನಲ್ಲಿ ಇಡೀ ಆಲ್ಬಂ ಕೇಳಿ ಯಾವುದು ಇಷ್ಟ ಎಂದು ತೀರ್ಮಾನಿಸಿ. ಹೊಸದೇ ಇಷ್ಟವಾದರೆ ಅದೂ ಸರಿಯೇ. ಹೊಸ ಟ್ರಾನ್ಸ್‌ಫರ್ ಚೆನ್ನಾಗಿದ್ದು, ಒತ್ತಿದ್ದು ಸ್ವಲ್ಪವೇ ಆಗಿದ್ದರೆ ಅದು ಗೆಲ್ಲುತ್ತದೆ.

ಪ್ರಶ್ನೆ: ಅಲೆಯ ಚಿತ್ರ ನೋಡಿಯೇ ಕ್ಲಿಪ್ ಆಗಿದೆಯೋ ಇಲ್ಲವೋ ಹೇಳಬಹುದಲ್ಲವೇ?

ಉತ್ತರ: ಅರ್ಧ ಹೇಳಬಹುದು. ಕ್ಲಿಪ್ ಎಂದರೆ ಅಲೆಯ ನೆತ್ತಿ ಗೋಡೆಗೆ ಬಡಿದು ಕತ್ತರಿಸಿಹೋಗುವುದು. ಅಡಾಸಿಟಿಯ ‘ಶೋ ಕ್ಲಿಪ್ಪಿಂಗ್’ ಆಯ್ಕೆ ಗೋಡೆ ಮುಟ್ಟಿದ ಜಾಗಕ್ಕೆ ಕೆಂಪು ಗೆರೆ ಎಳೆಯುತ್ತದೆ. ಆದರೆ ಅನೇಕ ಮಾಸ್ಟರ್‌ಗಳನ್ನು ಕ್ಲಿಪ್ ಮಾಡಿ, ಆಮೇಲೆ 0.3 ಡೆಸಿಬಲ್ ತಗ್ಗಿಸಿ ಬಿಟ್ಟಿರುತ್ತಾರೆ. ಅಲ್ಲಿ ಕೆಂಪು ಗೆರೆ ಒಂದೂ ಬೀಳದು. ಚಿತ್ರವನ್ನು ಒಂದೊಂದು ಸ್ಯಾಂಪಲ್ (ಸದ್ದನ್ನು ಅಳೆದಿಟ್ಟ ಚುಕ್ಕೆ) ಕಾಣುವವರೆಗೆ ಹಿಗ್ಗಿಸಿ. ಅಲೆಯ ನೆತ್ತಿ ಕತ್ತರಿಯಲ್ಲಿ ಕತ್ತರಿಸಿದಂತೆ ಒಂದೇ ಎತ್ತರದಲ್ಲಿ ಸಾಲುಸಾಲಾಗಿ ನಿಂತಿದ್ದರೆ ಅದು ಕ್ಲಿಪ್ಪೇ. ಇಷ್ಟಾಗಿಯೂ ಚಪ್ಪಟೆ ನೆತ್ತಿ ಕಂಡ ಮಾತ್ರಕ್ಕೆ ಕೇಳಿಸಿಯೇ ತೀರುತ್ತದೆ ಎಂದೇನಿಲ್ಲ, ಎರಡು ಮೂರು ಸ್ಯಾಂಪಲ್ ಆದರೆ ಕಿವಿಗೆ ಬೀಳುವುದಿಲ್ಲ.

ಪ್ರಶ್ನೆ: ಡಿಆರ್ (ಡೈನಮಿಕ್ ರೇಂಜ್) ಅಂಕಗಳ ಪಟ್ಟಿಯಲ್ಲಿ ಒಂದು ಆಲ್ಬಂನ ಹೊಸ ಎಲ್‌ಪಿಗೆ 12, ಅದೇ ವರ್ಷದ ಸಿಡಿಗೆ 8 ಇದೆ. ಹಾಗಾದರೆ ಎಲ್‌ಪಿಗೆ ಬೇರೆ, ಒಳ್ಳೆಯ ಮಾಸ್ಟರ್ ಬಳಸಿದ್ದಾರೆ ಎಂದಲ್ಲವೇ?

ಉತ್ತರ: ಹಾಗೆ ಹೇಳಲಾಗದು. ಇದು ಅಭಿಮಾನಿಗಳು ಪದೇ ಪದೇ ಎಡವುವ ಜಾಗ.

ಡಿಆರ್ ಮೀಟರ್ ಹಾಡನ್ನು ಮೂರು ಮೂರು ಸೆಕೆಂಡಿನ ತುಂಡು ಮಾಡಿ, ಅದರಲ್ಲಿ ಅತಿ ಜೋರಾದ ಶೇ. 20 ತುಂಡುಗಳ ಸರಾಸರಿ ಸದ್ದಿಗೂ ಎತ್ತರದಲ್ಲಿ ಎರಡನೆಯದಾದ ಏರಿಗೂ ಇರುವ ಅಂತರವನ್ನು ಅಂಕವಾಗಿ ಕೊಡುತ್ತದೆ. ಅದು ಅಳೆಯುವುದು ಏರುಗಳು ಎಷ್ಟು ಮೇಲಕ್ಕೆ ನೆಗೆದಿವೆ ಎಂಬುದನ್ನು. ಚಪ್ಪಟೆಯಾದ ಡಿಜಿಟಲ್ ಮಾಸ್ಟರನ್ನೇ ತಟ್ಟೆಗೆ ಕೆತ್ತಿದರೂ, ಕೆತ್ತುವ ಯಂತ್ರ, ಕಾರ್ಟ್ರಿಜ್, ಫೋನೋ ಪ್ರೀಆಂಪ್ ಎಲ್ಲವೂ ಅಲೆಯ ಫೇಸ್ ಅನ್ನು (ಅದರೊಳಗಿನ ಸ್ವರಗಳು ಬೀಳುವ ಹೊತ್ತನ್ನು) ಅಷ್ಟಿಷ್ಟು ಸರಿಸುತ್ತವೆ. ನೆತ್ತಿ ಚಪ್ಪಟೆಯಾಗಿದ್ದ ಅಲೆ ಓರೆಯಾಗುತ್ತದೆ, ಮೂಲೆ ಮೇಲೇಳುತ್ತದೆ. ಮೀಟರಿಗೆ ಅದು ಹೊಸ ಏರಿನಂತೆ ಕಾಣುತ್ತದೆ, ಅಂಕ ಮೂರು ನಾಲ್ಕು ಏರುತ್ತದೆ. ಕಳೆದುಹೋದ ಪೆಟ್ಟು ಮಾತ್ರ ವಾಪಸ್ ಬಂದಿರುವುದಿಲ್ಲ. ತಟ್ಟೆಯ ಟಿಕ್ ಶಬ್ದಗಳು ಏರುಗಳಂತೆ ದಾಖಲಾದರೂ ಅಂಕ ಹೆಚ್ಚುತ್ತದೆ.

ಆದ್ದರಿಂದ ಸಿಡಿಯನ್ನು ಸಿಡಿಯ ಜೊತೆ, ಎಲ್‌ಪಿಯನ್ನು ಎಲ್‌ಪಿಯ ಜೊತೆ ಮಾತ್ರ ಅಂಕದಿಂದ ಹೋಲಿಸಿ. ಸಿಡಿಗಳ ನಡುವೆ 12 ಮತ್ತು 7ರ ಅಂತರ ಇದ್ದರೆ ಅದಕ್ಕೆ ಅರ್ಥವಿದೆ. 11 ಮತ್ತು 10ರ ನಡುವೆ ಇದ್ದರೆ ಅದನ್ನು ಮರೆತು ಟೋನ್ ಕಡೆ ಗಮನ ಕೊಡಿ. ಕೆಟ್ಟ ಈಕ್ವಲೈಸೇಶನ್‌ಗೆ ಡಿಆರ್ ಅಂಕ ಕುರುಡು.

ಇಬ್ಬರು ಓದುಗರ ವಾದ: ಒಬ್ಬರು ಬರೆಯುತ್ತಾರೆ: “ಮೊದಲ ಬಾರಿ ಬಂದ ಸಿಡಿಯೇ ಶುದ್ಧ. ಟೇಪು ಹೊಸದಿದ್ದಾಗ ತೆಗೆದದ್ದು, ಯಾರೂ ಕೈ ಹಾಕಿಲ್ಲ. ಆಮೇಲಿನದೆಲ್ಲ ವ್ಯಾಪಾರ.” ಇನ್ನೊಬ್ಬರು: “1980ರ ದಶಕದ ಸಿಡಿಗಳು ತೆಳ್ಳಗೆ, ಚುಚ್ಚುವ ದನಿಯವು. ಅವನ್ನು ಹೊಗಳುವುದು ಬರೀ ಹಳೆಯದರ ಮೋಹ.” ಯಾರು ಸರಿ?

ಉತ್ತರ: ಆಲ್ಬಂ ಯಾವುದೆಂದು ಹೇಳದಿದ್ದರೆ ಇಬ್ಬರೂ ತಪ್ಪು.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ನಂತರದ ಕೆಲವು ವರ್ಷ ಕಂಪನಿಗಳು ಹಳೆಯ ಆಲ್ಬಂಗಳನ್ನು ರಾಶಿರಾಶಿಯಾಗಿ ಸಿಡಿಗೆ ಇಳಿಸಿದವು. ಆಗ ಕೈಗೆ ಸಿಕ್ಕ ಟೇಪು ಎಷ್ಟೋ ಸಲ ಮೂಲ ಮಾಸ್ಟರ್ ಆಗಿರಲಿಲ್ಲ, ತಟ್ಟೆ ಕೆತ್ತುವುದಕ್ಕೆಂದು ಮಾಡಿಟ್ಟ ನಕಲು. ತಟ್ಟೆಯಲ್ಲಿ ಬೇಸ್ ಜಾಸ್ತಿಯಾದರೆ ಗೀರು ಅಗಲವಾಗಿ ಮುಳ್ಳು ಹಾರುತ್ತದೆ, ಹಾಗಾಗಿ ಆ ನಕಲಿನಲ್ಲಿ ಬೇಸ್ ಮೊದಲೇ ತಗ್ಗಿಸಿ, ಏರುಗಳನ್ನು ಒತ್ತಿ ಇಟ್ಟಿರುತ್ತಿದ್ದರು. ಅದನ್ನೇ ಸಿಡಿಗೆ ಹಾಕಿದರೆ ತೆಳ್ಳಗೆ ಕೇಳದೆ ಇನ್ನೇನಾದೀತು? ಹಿಸ್ ತಗ್ಗಿಸುವ ಡಾಲ್ಬಿ ಎ ವ್ಯವಸ್ಥೆ ಹಾಕಿ ಮುದ್ರಿಸಿದ ಟೇಪನ್ನು ಡೀಕೋಡ್ ಮಾಡದೆ ನುಡಿಸಿದರೆ ಮೆಲುದನಿಯ ಟ್ರೆಬಲ್ ಉಬ್ಬಿ, ಹಿಸ್ ಜೊತೆಗೇ ಮೇಲೇಳುತ್ತದೆ. ಇನ್ನೊಂದು ಬದಿಯಲ್ಲಿ, ಸರಿಯಾದ ಟೇಪು ಸಿಕ್ಕು, ಸುಮ್ಮನೆ ನೇರವಾಗಿ ಇಳಿಸಿದ ಸಿಡಿಗಳೂ ಅದೇ ಕಾಲದಲ್ಲಿ ಬಂದವು. ಲಿಮಿಟರ್ ಮುಟ್ಟದ ಅವುಗಳ ಡ್ರಮ್ ಪೆಟ್ಟು ಇವತ್ತಿಗೂ ಎದೆಗೆ ತಾಗುತ್ತದೆ. ಮೊದಲ ಪತ್ರದವರು ಇಂಥವನ್ನು ಕೇಳಿದ್ದಾರೆ, ಎರಡನೆಯವರು ಅಂಥವನ್ನು.

ಮೂರನೆಯ ಸಾಧ್ಯತೆಯೂ ಒಂದಿದೆ, ಇದು ಬಹಳ ಜನರಿಗೆ ತಿಳಿದಿಲ್ಲ. ಕೆಲವು ಮೊದಮೊದಲ ಸಿಡಿಗಳಲ್ಲಿ ಪ್ರೀ-ಎಂಫಸಿಸ್ ಇರುತ್ತದೆ: ಟ್ರೆಬಲ್ ಅನ್ನು ಬೇಕೆಂದೇ ಏರಿಸಿ ಬರೆದು, ಪ್ಲೇಯರ್ ಅದನ್ನು ಇಳಿಸಿಕೊಳ್ಳಲಿ ಎಂದು ಒಂದು ಗುರುತು ಇಟ್ಟಿರುತ್ತಾರೆ. ‘ಅಬ್ಬೆ ರೋಡ್’ ಆಲ್ಬಂನ 1983ರ ಜಪಾನಿ ಸಿಡಿ ಇಂಥದ್ದು. ಏರಿಕೆ 10 ಕಿಲೋಹರ್ಟ್ಸ್ ಹತ್ತಿರ ಏಳೂವರೆ ಡೆಸಿಬಲ್, 20ರಲ್ಲಿ ಒಂಬತ್ತೂವರೆ. ಸಿಡಿ ಪ್ಲೇಯರ್ ಗುರುತು ನೋಡಿ ಸರಿಪಡಿಸುತ್ತದೆ. ಆದರೆ ಕಂಪ್ಯೂಟರಿಗೆ ಇಳಿಸಿದಾಗ ಹೆಚ್ಚಿನ ತಂತ್ರಾಂಶಗಳು ಸರಿಪಡಿಸುವುದಿಲ್ಲ, ಕಡತ ಕಿವಿ ಚುಚ್ಚುತ್ತದೆ. ಅದನ್ನು ಕೇಳಿ ‘ಹಳೆಯ ಸಿಡಿ ಕರ್ಕಶ’ ಎಂದು ತೀರ್ಪು ಕೊಟ್ಟವರು ಎಷ್ಟೋ ಜನ. ಸಿಡಿಯನ್ನು ಕಂಪ್ಯೂಟರಿಗೆ ಇಳಿಸುವ ಇಎಸಿ ತಂತ್ರಾಂಶದ ಟ್ರ್ಯಾಕ್ ಪಟ್ಟಿಯಲ್ಲಿ ಪ್ರೀ-ಎಂಫಸಿಸ್ ಕಾಲಂ ಇದೆ, ಅಲ್ಲಿ ‘ಯೆಸ್’ ಇದೆಯೇ ನೋಡಿ. ಗುರುತು ಕೆಲವು ಡಿಸ್ಕ್‌ಗಳಲ್ಲಿ ಟ್ರ್ಯಾಕ್ ಪಟ್ಟಿಯಲ್ಲಿರದೆ ಸಬ್‌ಕೋಡ್‌ನಲ್ಲಿ (ಸಂಗೀತದ ಜೊತೆಜೊತೆಗೇ ಬರೆದ ಮಾಹಿತಿಯಲ್ಲಿ) ಮಾತ್ರ ಇರುವುದರಿಂದ, ಅನುಮಾನ ಬಂದರೆ ಕಡತವನ್ನೂ ಪ್ಲೇಯರಿನ ದನಿಯನ್ನೂ ಹೋಲಿಸಿ. ಸರಿಪಡಿಸಲು ಸಾಕ್ಸ್ ತಂತ್ರಾಂಶದ ‘ಡೀಎಂಫ್’ ಆಜ್ಞೆ ಸಾಕು. ಒಂದೇ ಸಲ ಮಾಡಿ. ಎರಡು ಸಲ ಆದರೆ ದನಿ ಮಂಕಾಗುತ್ತದೆ.

ಪ್ರಶ್ನೆ: ಐವತ್ತು ವರ್ಷ ಹಳೆಯ ಟೇಪು ಈಗ ಇನ್ನೂ ಕೆಟ್ಟಿರಬೇಕು. ಅದರಿಂದ ಮೊದಲಿಗಿಂತ ಒಳ್ಳೆಯ ದನಿ ತೆಗೆಯುವುದು ಹೇಗೆ ಸಾಧ್ಯ?

ಉತ್ತರ: ಟೇಪು ಕೆಡುವುದು ನಿಜ, ಆದರೆ ವಯಸ್ಸಿನ ಲೆಕ್ಕದಲ್ಲಲ್ಲ. 1960ರ ದಶಕದ ಟೇಪುಗಳಿಗಿಂತ 1970ರ ದಶಕದ ಮಧ್ಯದಿಂದ ಈಚಿನ ಕೆಲವು ಟೇಪುಗಳ ಸ್ಥಿತಿಯೇ ಹೆಚ್ಚು ಕಷ್ಟ. ಆಂಪೆಕ್ಸ್ 456ರಂಥ ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಗೆಯೇ ಓಡಿಸಿದರೆ ಕಿರುಗುಡುತ್ತ, ಪುಡಿ ಕಿತ್ತು ಹೆಡ್‌ಗೆ ಮೆತ್ತಿಕೊಳ್ಳುತ್ತದೆ, ಕಿತ್ತದ್ದು ಸಂಗೀತವೇ. ಇದಕ್ಕೆ ಮದ್ದು ಬೇಯಿಸುವುದು. ಶಾಖ ಕದಲದ ಪೆಟ್ಟಿಗೆಯಲ್ಲಿ ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಅಥವಾ ಹೆಚ್ಚು ಇಡುತ್ತಾರೆ. ಟೇಪು ಅಗಲವಾದಷ್ಟೂ ಹೊತ್ತು ಹೆಚ್ಚು. ಅದರಿಂದ ಕೆಲವು ವಾರ ಟೇಪು ಸುಗಮವಾಗಿ ಓಡುತ್ತದೆ, ಅಷ್ಟರಲ್ಲಿ ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಇನ್ನೂ ಹಳೆಯ ಅಸಿಟೇಟ್ ಟೇಪನ್ನು ಬೇಯಿಸಿದರೆ ಸುಕ್ಕುಗಟ್ಟಿ ಹಾಳಾಗುತ್ತದೆ.

ಇನ್ನು ಒಳ್ಳೆಯ ದನಿ ಎಲ್ಲಿಂದ? ಮುಖ್ಯವಾಗಿ ಟೇಪನ್ನು ಸರಿಯಾಗಿ ನುಡಿಸುವುದರಿಂದ. ಪ್ಲೇಬ್ಯಾಕ್ ಹೆಡ್ಡಿನ ಓರೆ ಕೂದಲೆಳೆಯಷ್ಟು ತಪ್ಪಿದರೂ ಟ್ರೆಬಲ್ ಕುಸಿದು, ಎರಡು ಚಾನೆಲ್ಲುಗಳ ಹೊಂದಿಕೆ ಕೆಡುತ್ತದೆ. ಟೇಪಿನ ತಲೆಯಲ್ಲಿ ಅಳತೆಯ ಸ್ವರಗಳನ್ನು ಮುದ್ರಿಸಿದ್ದರೆ ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಬಹುದು. ಇಲ್ಲದಿದ್ದರೆ ಸಿಂಬಲ್ ತಾಳದ ದನಿ ಕೇಳಿಕೊಂಡೇ, ಬೇರೆ ದಿನ ಮುದ್ರಿಸಿದ ಒಂದೊಂದು ಹಾಡಿಗೂ ಹೆಡ್ಡನ್ನು ಮತ್ತೆ ಹೊಂದಿಸಬೇಕು. 1980ರ ದಶಕದ ಅವಸರದಲ್ಲಿ ಇಷ್ಟು ತಾಳ್ಮೆಗೆ ಸಮಯ ಇರಲಿಲ್ಲ. ಡಿಜಿಟಲ್‌ಗೆ ಬದಲಿಸುವ ಯಂತ್ರಗಳೂ ಆಗಿನವಕ್ಕಿಂತ ಈಗ ಬಹಳ ಮೇಲು.

ವೇಗವೂ ಮುಖ್ಯ. ದಿ ಡೋರ್ಸ್ ತಂಡದ ಮೊದಲ ಆಲ್ಬಂನ ಸ್ಟೀರಿಯೋ ಟೇಪು ದಶಕಗಳ ಕಾಲ ನಿಧಾನವಾಗಿಯೇ ಓಡುತ್ತಿತ್ತು. ‘ಲೈಟ್ ಮೈ ಫೈರ್’ ಹಾಡು ಎಲ್‌ಪಿಯಲ್ಲಿ ಅರ್ಧ ಸ್ವರದಷ್ಟು ಕೆಳಗೆ, ಮೂಲ 45 ಆರ್‌ಪಿಎಂ ಸಿಂಗಲ್‌ನಲ್ಲಿ ಸರಿಯಾದ ಶ್ರುತಿಯಲ್ಲಿ. ಆ ತಂಡದ ಧ್ವನಿ ಎಂಜಿನಿಯರ್ ಬ್ರೂಸ್ ಬಾಟ್ನಿಕ್ ಅದನ್ನು ಸರಿಪಡಿಸಿದ್ದು 2006ರಲ್ಲಿ. ಹಳೆಯ ನಿಧಾನಗತಿಗೇ ಕಿವಿ ಒಗ್ಗಿದವರಿಗೆ ಸರಿಯಾದದ್ದೇ ತಪ್ಪೆನಿಸಿತು, ಅದೂ ಸಹಜವೇ.

ಪ್ರಶ್ನೆ: ಮೂಲದಲ್ಲೇ ಸದ್ದು ಒಡೆದಿರುವ ಆಲ್ಬಂ ರೀಮಾಸ್ಟರ್‌ನಿಂದ ಸರಿಹೋಗುತ್ತದೆಯೇ?

ಉತ್ತರ: ಎಲ್ಲಿ ಒಡೆದಿದೆ ಎನ್ನುವುದರ ಮೇಲೆ ಹೋಗುತ್ತದೆ. ಮಾಸ್ಟರಿಂಗ್‌ನಲ್ಲಿ ಒಡೆದಿದ್ದರೆ ಹೌದು, ಮಿಕ್ಸ್ ಟೇಪಿಗೆ ಹಿಂದಿರುಗಿದರೆ ಸಾಕು. ಮಿಕ್ಸ್‌ನಲ್ಲೇ ಒಡೆದಿದ್ದರೆ ಎಷ್ಟು ರೀಮಾಸ್ಟರ್ ಮಾಡಿದರೂ ಅಷ್ಟೇ. ರಷ್ ತಂಡದ ‘ವೇಪರ್ ಟ್ರೇಲ್ಸ್’ 2002ರಲ್ಲಿ ಅತಿಯಾದ ಸದ್ದಿನಿಂದ ಕೆಟ್ಟು ಬಂತು. ಕೊನೆಗೆ ಮಲ್ಟಿಟ್ರ್ಯಾಕಿಗೆ ಹೋಗಿ 2013ರಲ್ಲಿ ಡೇವಿಡ್ ಬಾಟ್ರಿಲ್ ಇಡೀ ಆಲ್ಬಂ ಮತ್ತೆ ಮಿಕ್ಸ್ ಮಾಡಬೇಕಾಯಿತು. ಎರಡನ್ನೂ ಸಮಾನ ಸದ್ದಿನಲ್ಲಿ ಕೇಳಿದವರಿಗೆ ರೀಮಿಕ್ಸ್ ವಿರುದ್ಧದ ವಾದ ಸ್ವಲ್ಪವಾದರೂ ಸಡಿಲವಾದೀತು. ಜೆಥ್ರೊ ಟಲ್‌ನ ‘ಆಕ್ವಾಲಂಗ್’ಗೆ ಸ್ಟೀವನ್ ವಿಲ್ಸನ್ 2011ರಲ್ಲಿ ಮಾಡಿದ್ದೂ ಇಂಥ ಕೆಲಸವೇ, 1971ರ ಮಿಕ್ಸ್‌ನ ಮಂಕು ಅಲ್ಲಿ ಹರಿದಿದೆ.

ಪ್ರಶ್ನೆ: ಹಾಡಿದವರೇ ತಮ್ಮ ಆಲ್ಬಂ ಬದಲಿಸಿದರೆ ತಕರಾರು ಮಾಡಲು ಅಭಿಮಾನಿಗಳು ಯಾರು?

ಉತ್ತರ: ಬದಲಿಸುವ ಹಕ್ಕು ಅವರದು, ನಿಜ. ನಮ್ಮ ತಕರಾರು ಇರುವುದು ಮೂಲವನ್ನು ಮಾರುಕಟ್ಟೆಯಿಂದ ತೆಗೆದುಹಾಕುವುದರ ಬಗ್ಗೆ. ಜ಼ೀಜ಼ೀ ಟಾಪ್ ತಂಡದ 1970ರ ದಶಕದ ಆಲ್ಬಂಗಳು 1987ರಲ್ಲಿ ‘ಸಿಕ್ಸ್ ಪ್ಯಾಕ್’ ಸಿಡಿ ಪೆಟ್ಟಿಗೆಯಾಗಿ ಬಂದಾಗ ಅವಕ್ಕೆ ಆ ಕಾಲದ ಫ್ಯಾಶನ್ನಿನ ಡ್ರಮ್ ಸದ್ದು, ಪ್ರತಿಧ್ವನಿ ಹಚ್ಚಿದ್ದರು. ‘ಟ್ರೆಸ್ ಓಂಬ್ರೆಸ್’ನ ಮೂಲ ಮಿಕ್ಸ್ ಸಿಡಿಯಲ್ಲಿ ಸಿಗಲು 2006 ಬರಬೇಕಾಯಿತು. ಆಜ಼ಿ ಆಸ್ಬರ್ನ್ ಅವರ ಮೊದಲ ಎರಡು ಸ್ವಂತ ಆಲ್ಬಂಗಳ 2002ರ ಮರುಮುದ್ರಣದಲ್ಲಂತೂ ಮೂಲ ಬೇಸ್ ಮತ್ತು ಡ್ರಮ್ಸ್ ಅಳಿಸಿ ಬೇರೆ ಕಲಾವಿದರಿಂದ ನುಡಿಸಿದರು. ಮೂಲ ಮರಳಿದ್ದು 2011ರಲ್ಲಿ. ಆ ಒಂಬತ್ತು ವರ್ಷಗಳಲ್ಲಿ ಹೊಸದಾಗಿ ಕೊಂಡವರು ಕೇಳಿದ್ದು ಆ ಆಲ್ಬಂ ಅಲ್ಲವೇ ಅಲ್ಲ. ಹಳೆಯ ಸಿಡಿ ಕೊಳ್ಳುವಾಗ ಈ ವರ್ಷಗಳನ್ನು ನೆನಪಿಟ್ಟುಕೊಳ್ಳಿ.

ಇಗ್ಗಿ ಪಾಪ್ ಅವರ ಸ್ಟೂಜಸ್ ತಂಡದ ‘ರಾ ಪವರ್’ ವಿಷಯದಲ್ಲಿ ಮಾತ್ರ ವಾದ ನಿಜಕ್ಕೂ ಎರಡು ಕಡೆಯಿಂದಲೂ ಗಟ್ಟಿ. 1973ರ ಡೇವಿಡ್ ಬೋವಿ ಮಿಕ್ಸ್‌ನಲ್ಲಿ ಬೇಸ್, ಡ್ರಮ್ಸ್ ಸೊರಗಿದ್ದವು. 1997ರಲ್ಲಿ ಇಗ್ಗಿ ಪಾಪ್ ತಾವೇ ಮಿಕ್ಸ್ ಮಾಡಿ ಎಲ್ಲವನ್ನೂ ಗೋಡೆಗೆ ಒತ್ತುವಷ್ಟು ಜೋರು ಮಾಡಿದರು. 2010ರಲ್ಲಿ ಬೋವಿ ಮಿಕ್ಸ್ ಮತ್ತೆ ಬಂತು. ಈಗ ಎರಡೂ ಸಿಗುತ್ತವೆ, ಆಲ್ಬಂನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಸ್ಥಿತಿ ಇಲ್ಲ.

ಪ್ರಶ್ನೆ: 24 ಬಿಟ್, 96 ಕಿಲೋಹರ್ಟ್ಸ್ ಕಡತ ಸಿಡಿಗಿಂತ ಮೇಲೇ?

ಉತ್ತರ: ಮೇಲು ಅನ್ನಿಸಿದರೆ ಬಹುಪಾಲು ಅದರ ಕಾರಣ ಬೇರೆ ಮಾಸ್ಟರಿಂಗ್. ಡಾಲ್ಬಿ ಇಲ್ಲದ ಅನಲಾಗ್ ಟೇಪಿನ ಹಿಸ್ ಸಂಗೀತದಿಂದ 60, 70 ಡೆಸಿಬಲ್ ಕೆಳಗಿರುತ್ತದೆ. 16 ಬಿಟ್ ಸಿಡಿಯ ಸಾಮರ್ಥ್ಯ 96 ಡೆಸಿಬಲ್. ಟೇಪಿನಲ್ಲಿರುವುದೆಲ್ಲ ಅದರಲ್ಲಿ ಆರಾಮಾಗಿ ಹಿಡಿಸುತ್ತದೆ. ಪರೀಕ್ಷಿಸುವ ಬಗೆ: ಆ 24 ಬಿಟ್ ಕಡತವನ್ನೇ ಡಿದರ್ (ಇಳಿಸುವಾಗಿನ ದೋಷ ಮರೆಸುವ ಅತಿ ಮೆಲ್ಲಗಿನ ಸದ್ದು) ಸೇರಿಸಿ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ, ಮೇಲೆ ಹೇಳಿದ ಎಬಿಎಕ್ಸ್‌ನಲ್ಲಿ ಮೂಲದ ಜೊತೆಗೆ ಹೋಲಿಸಿ. ಅಂಗಡಿಯ ಸಿಡಿಯ ಜೊತೆಗಲ್ಲ. ಒಂದೇ ಡಿಸ್ಕಿನಲ್ಲೂ ಮೋಸ ಹೋಗಬಹುದು: ಪಿಂಕ್ ಫ್ಲಾಯ್ಡ್‌ನ ‘ಡಾರ್ಕ್ ಸೈಡ್ ಆಫ್ ದಿ ಮೂನ್’ನ 2003ರ ಹೈಬ್ರಿಡ್ ಎಸ್‌ಎಸಿಡಿಯಲ್ಲಿ (ಒಂದೇ ಡಿಸ್ಕಿನಲ್ಲಿ ಸಿಡಿ ಪದರ, ಹೆಚ್ಚು ಸಾಮರ್ಥ್ಯದ ಸೂಪರ್ ಆಡಿಯೋ ಸಿಡಿ ಪದರ ಎರಡೂ ಇರುವುದು) ಸಿಡಿ ಪದರವನ್ನು ಎಸ್‌ಎಸಿಡಿ ಸ್ಟೀರಿಯೋ ಪದರಕ್ಕಿಂತ ಹೆಚ್ಚು ಒತ್ತಿ ಮಾಡಿದ್ದಾರೆ. ಆ ಎರಡು ಪದರ ಹೋಲಿಸಿ ಎಸ್‌ಎಸಿಡಿ ತಂತ್ರವೇ ಮೇಲು ಎಂದರೆ ತಪ್ಪಾಗುತ್ತದೆ. ಬೇರೆ ಬಗೆಯ ಪ್ಲಾಸ್ಟಿಕ್‌ನಿಂದ ಮಾಡಿದ ಎಸ್‌ಎಚ್‌ಎಂ ಸಿಡಿಗಳ ಬಗ್ಗೆ ಪ್ರಶ್ನೆ ಕೇಳಿದವರಿಗೂ ಇದೇ ಉತ್ತರ: ಪ್ಲಾಸ್ಟಿಕ್ ಬೇರೆ, ಅದರಲ್ಲಿ ಬರೆದ ಮಾಸ್ಟರ್ ಯಾವುದೆಂದು ನೋಡಿ.

ಪ್ರಶ್ನೆ: ಹೊಸ ಎಲ್‌ಪಿಗಳ ಮೇಲಿನ ‘ಹಾಫ್ ಸ್ಪೀಡ್’, ‘ಮೂಲ ಟೇಪಿನಿಂದ’ ಎಂಬ ಮಾತುಗಳನ್ನು ನಂಬಬಹುದೇ?

ಉತ್ತರ: ಹಾಫ್ ಸ್ಪೀಡ್ ಎಂದರೆ ತಟ್ಟೆಯನ್ನು 33⅓ರ ಬದಲು 16⅔ ವೇಗದಲ್ಲಿ, ಸಂಗೀತವನ್ನೂ ಅರ್ಧ ವೇಗದಲ್ಲಿ ಓಡಿಸಿ ಕೆತ್ತುವುದು. ಕೆತ್ತುವ ಹೆಡ್‌ಗೆ ಟ್ರೆಬಲ್ ಸುಲಭವಾಗುತ್ತದೆ. ಕೆಟ್ಟ ಮಾಸ್ಟರನ್ನು ಅದು ಒಳ್ಳೆಯದು ಮಾಡದು. ‘ಮೂಲ ಟೇಪಿನಿಂದ’ ಎಂದಷ್ಟೇ ಇದ್ದರೆ ನಡುವೆ ಡಿಜಿಟಲ್ ಹಂತ ಇಲ್ಲ ಎಂದು ಅರ್ಥವಲ್ಲ. ಮೊಬೈಲ್ ಫಿಡೆಲಿಟಿ ಸಂಸ್ಥೆಯ ಎಷ್ಟೋ ಎಲ್‌ಪಿಗಳಲ್ಲಿ ಡಿಎಸ್‌ಡಿ (ಎಸ್‌ಎಸಿಡಿಯಲ್ಲಿ ಬಳಸುವ ಡಿಜಿಟಲ್ ರೂಪ) ಹಂತ ಇತ್ತೆಂದು 2022ರಲ್ಲಿ ಬಯಲಾದಾಗ ದೊಡ್ಡ ಗದ್ದಲವೇ ಆಯಿತು. ಅದೇ ಎಲ್‌ಪಿಗಳನ್ನು ಅಲ್ಲಿಯವರೆಗೆ ಅನಲಾಗ್‌ನ ಮಾದರಿ ಎಂದು ಕೊಂಡಾಡಿದವರು ಬಹಳ ಜನ. ಡಿಜಿಟಲ್ ಹಂತದಿಂದ ದನಿ ಕೆಡಲಿಲ್ಲ, ಹೇಳದೆ ಬಿಟ್ಟದ್ದರಿಂದ ನಂಬಿಕೆ ಕೆಟ್ಟಿತು.

ಹಳೆಯ ಎಲ್‌ಪಿ ಕೊಳ್ಳುವಾಗ ಲೇಬಲ್ ಹತ್ತಿರದ ಬರಿಯ ಜಾಗದಲ್ಲಿ ಗೀಚಿದ ಅಕ್ಷರಗಳನ್ನು ಓರೆ ಬೆಳಕಿನಲ್ಲಿ ಓದಿ. ‘ಲೆಡ್ ಜ಼ೆಪ್ಪೆಲಿನ್ 2’ರ 1969ರ ಅಮೆರಿಕದ ತಟ್ಟೆಯ ಎರಡೂ ಬದಿಯಲ್ಲಿ ‘ಆರ್‌ಎಲ್’ ಎಂದಿದ್ದರೆ ಅದು ಬಾಬ್ ಲಡ್ವಿಗ್ ಕೆತ್ತಿದ್ದು. ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಾರುವಷ್ಟು ಅದು ಜೋರಾಗಿದ್ದರಿಂದ ಬೇಗನೆ ತಗ್ಗಿಸಿ ಮತ್ತೆ ಕೆತ್ತಿಸಿದರು. ಒಂದೇ ಬದಿಯಲ್ಲಿ ಮಾತ್ರ ಆ ಅಕ್ಷರ ಇದ್ದರೆ ಇನ್ನೊಂದು ಬದಿ ಬೇರೆ ಕೆತ್ತನೆ, ಬೆಲೆ ಕೊಡುವ ಮುಂಚೆ ತಿರುಗಿಸಿ ನೋಡಿ.

ಪ್ರಶ್ನೆ: ಸ್ಟ್ರೀಮಿಂಗ್‌ನಲ್ಲಿ ಹಳೆಯ ಸಿಡಿಯ ಮಾಸ್ಟರ್ ಸಿಗುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ, ಇತ್ತೀಚಿನದೇ ಹಳೆಯದರ ಜಾಗಕ್ಕೆ ಬರುತ್ತದೆ. ಆದರೆ ಸ್ಪಾಟಿಫೈ ಎಲ್ಲವನ್ನೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಸದ್ದಿನ ಅಳತೆ) ಮಟ್ಟಕ್ಕೆ ತರುವುದರಿಂದ ಜೋರು ಮಾಡಿದ ಮಾಸ್ಟರಿಗೆ ಅಲ್ಲಿ ಲಾಭವಿಲ್ಲ. ಒತ್ತಿದ್ದಷ್ಟೇ ಉಳಿಯುತ್ತದೆ, ಜೋರು ಹೋಗುತ್ತದೆ. ಹೀಗೆ ಸದ್ದು ಸಮ ಮಾಡುವ ನಾರ್ಮಲೈಸೇಶನ್ ಅನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬೇಡಿ. ಹಳೆಯ ಮಾಸ್ಟರ್ ಬೇಕೇ ಬೇಕಿದ್ದರೆ ಬಳಸಿದ ಸಿಡಿಯೇ ದಾರಿ. ಹಿಂಬದಿಯ ಒಳ ಉಂಗುರದ ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಆಲ್ಬಂ ಮುದ್ರಣಗಳ ಪಟ್ಟಿ ಇರುವ ಡಿಸ್ಕಾಗ್ಸ್ ಜಾಲತಾಣದಲ್ಲಿ ಹಾಕಿದರೆ ಯಾವ ಮುದ್ರಣ ಎಂದು ತಿಳಿಯುತ್ತದೆ. ಉಂಗುರದಲ್ಲಿ ಕಾರ್ಖಾನೆಯನ್ನು ಗುರುತಿಸುವ ಐಎಫ್‌ಪಿಐ ಸಂಕೇತ ಇದ್ದರೆ ಆ ಡಿಸ್ಕ್ ಒತ್ತಿದ್ದು 1994 ಅಥವಾ ನಂತರ. ಕವರಿನ ಮೇಲೆ 1985 ಎಂದು ಅಚ್ಚಾಗಿದ್ದರೂ ಅಷ್ಟೇ. ಆದರೆ ತಡವಾಗಿ ಒತ್ತಿದ ಡಿಸ್ಕಿನಲ್ಲೂ ಹಳೆಯ ಮಾಸ್ಟರೇ ಇರಬಹುದು. ಒಂದು ಹಾಡಿನ ಅತಿ ಎತ್ತರದ ಏರಿನ ಮಟ್ಟವನ್ನು ಇಎಸಿಯಲ್ಲಿ ನೋಡಿ, ಹಳೆಯ ಮುದ್ರಣದ ಸಂಖ್ಯೆಯ ಜೊತೆ ಹೋಲಿಸಿ: ಎಲ್ಲ ಹಾಡುಗಳಲ್ಲೂ ಒಂದು ದಶಮಾಂಶದವರೆಗೆ ಒಂದೇ ಇದ್ದರೆ ಬಹುತೇಕ ಅದೇ ಮಾಸ್ಟರ್. ಎಲ್ಲ ಹಾಡುಗಳೂ ಶೇ. 100 ಅಥವಾ ಅದರ ಅಂಚಿನಲ್ಲೇ ನಿಂತಿದ್ದರೆ ನಿಮ್ಮ ಕೈಯಲ್ಲಿರುವುದು ಆಮೇಲೆ ಜೋರು ಮಾಡಿದ್ದೇ ಇರಬೇಕು.